ಹಿತ್ತಿಲ ಸಿಲ್ವರ್ ಮರ ಕಡಿದ ಭಾನುವಾರ

ಆ ಬೇಸಿಗೆಯಲ್ಲಿ ನಮ್ಮ ಬೀದಿಯಲ್ಲಿ ಎರಡು ಮರ ಬಿದ್ದವು. ಒಂದು ಹಾಲಿನ ಬೂತಿನ ಪಕ್ಕದ ಗುಲ್‌ಮೊಹರ್. ಇನ್ನೊಂದು ಯಾವ ಮರವೋ ಗೊತ್ತಾಗಲಿಲ್ಲ. ನಾನು ನೋಡಲು ಹೋಗುವಷ್ಟರಲ್ಲಿ ಕೊಂಬೆಗಳನ್ನೆಲ್ಲ ಕತ್ತರಿಸಿ ಬದಿಗೆ ಎಳೆದು ಹಾಕಿದ್ದರು. ಅದರಡಿ ಸಿಕ್ಕ ಆಟೋದ ಗಾಜು ಮಾತ್ರ ರಸ್ತೆಯ ತುಂಬ ಕಲ್ಲುಸಕ್ಕರೆ ಚೆಲ್ಲಿದ ಹಾಗೆ ಹರಡಿತ್ತು. ಆಟೋದವನು ಆಗ ತಾನೇ ಟೀ ಕುಡಿಯಲು ಇಳಿದಿದ್ದನಂತೆ. ಅದನ್ನು ಜನ ಒಬ್ಬರಿಗೊಬ್ಬರು ಹೇಳಿಕೊಂಡು ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಹಿತ್ತಿಲಿಗೆ ಹೋಗಿ ನಮ್ಮ ಸಿಲ್ವರ್ ಓಕ್ ಮರವನ್ನು ತಲೆಯೆತ್ತಿ ನೋಡಿದೆ.

ನಮ್ಮದು ಕೃಷ್ಣರಾಜಪುರದ ಮಾರ್ಕೆಟ್ಟಿನಿಂದ ಸ್ವಲ್ಪ ಒಳಗೆ. ನನ್ನ ಗಂಡನ ಮನೆಯವರು ಅಲ್ಲಿ ರಾಗಿ ಬೆಳೆಯುತ್ತಿದ್ದವರು. ಹೊಲ ಲೇಔಟ್ ಆಗಿ ಹೋದ ಮೇಲೆ ಉಳಿದಿದ್ದು ಮನೆ, ಮನೆಯ ಹಿಂದೆ ಒಂದಿಷ್ಟು ಹಿತ್ತಿಲು, ಹಿತ್ತಿಲಿನ ಪಡುವಣ ಕೊನೆಯಲ್ಲಿ ಬಾಡಿಗೆಗೆಂದು ಕಟ್ಟಿಸಿದ ಒಂದು ಶೀಟಿನ ಮನೆ. ಸಿಲ್ವರ್ ಮರ ಇದ್ದದ್ದು ಆ ಶೀಟಿನ ಮನೆಯ ಎದುರಿಗೆ. ನಮ್ಮ ಮದುವೆಯಾದ ಹೊಸದರಲ್ಲಿ ನನ್ನ ಗಂಡನೇ ನರ್ಸರಿಯಿಂದ ತಂದು ನೆಟ್ಟಿದ್ದರು. ಅದು ನಮ್ಮ ತಾರಸಿಯನ್ನು ದಾಟಿ, ಅದರ ಮೇಲೆ ಇನ್ನೊಂದು ಮನೆಯಷ್ಟು ಎತ್ತರಕ್ಕೆ ಹೋಗಿತ್ತು. ಹಿಂದಿನ ವರ್ಷ ಒಳಚರಂಡಿಯ ಪೈಪು ಹಾಕಿಸಲು ಮೂಡಲ ಬದಿಗೆ ಕಾಲುವೆ ತೋಡಿಸಿದ್ದೆವು. ಆಗ ಆ ಬದಿಯ ಬೇರುಗಳೆಲ್ಲ ತುಂಡಾದವು. ಯಾರೂ ಅದರ ಬಗ್ಗೆ ಯೋಚಿಸಲಿಲ್ಲ. ಆಮೇಲೆ ಮರ ನಿಧಾನವಾಗಿ ಪಡುವಣಕ್ಕೆ ವಾಲಿತು. ಜೋರು ಗಾಳಿ ಬೀಸಿದಾಗ ಅದರ ಬುಡದ ಮಣ್ಣು ಮಲಗಿದ ಪ್ರಾಣಿಯ ಹೊಟ್ಟೆಯಂತೆ ಏರಿ ಇಳಿಯುತ್ತಿತ್ತು. ಅದನ್ನು ಮೊದಲು ನೋಡಿದ ದಿನ ನನ್ನ ಕೈಯಲ್ಲಿದ್ದ ಬಟ್ಟೆಯ ಬಕೆಟ್ಟು ಜಾರಿ ಬಿತ್ತು.

ಶೀಟಿನ ಮನೆಯಲ್ಲಿದ್ದವರು ಯಾದಗಿರಿ ಕಡೆಯವರು. ಗಂಡ ಕಟ್ಟಡಗಳ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದ. ಹೆಂಡತಿ ಇಂದಿರಾನಗರದಲ್ಲಿ ಎರಡು ಮೂರು ಮನೆಗಳ ಕೆಲಸ ಮಾಡುತ್ತಿದ್ದಳು. ಅವರಿಗೆ ಆಗಷ್ಟೇ ಅಂಬೆಗಾಲಿಡುತ್ತಿದ್ದ ಒಂದು ಹೆಣ್ಣುಮಗು. ಮಗುವನ್ನು ನೋಡಿಕೊಳ್ಳಲು ಹೆಂಡತಿಯ ತಾಯಿ ಊರಿನಿಂದ ಬಂದು ಜೊತೆಗಿದ್ದರು. ಆ ಅಜ್ಜಿಗೆ ಮಂಡಿನೋವು. ಕೂತರೆ ಏಳುವುದು ಕಷ್ಟ, ಎದ್ದರೆ ಕೂರುವುದು ಕಷ್ಟ. ಮಧ್ಯಾಹ್ನವೆಲ್ಲ ಆಕೆ ಮಗುವನ್ನು ಮರದ ನೆರಳಿನಲ್ಲಿ ಕೌದಿಯ ಮೇಲೆ ಆಡಲು ಬಿಟ್ಟು ಗೋಡೆಗೊರಗಿ ಕೂತಿರುತ್ತಿದ್ದರು. ಕನ್ನಡ ಟೀಚರ್ ಕೆಲಸ ಮುಗಿಸಿ ಶಾಲೆಯಿಂದ ಬಂದ ನನಗೆ ಮೊದಲು ಕಾಣುತ್ತಿದ್ದುದು ಅದೇ. ಮಗುವಿನ ಮೇಲೆ ಆಡುವ ಎಲೆಯ ನೆರಳು. ಮುಂಚೆ ಅದು ಚೆಂದ ಅನ್ನಿಸುತ್ತಿತ್ತು.

"ಅಜ್ಜಿ, ಇಲ್ಲಿ ಕೂರ್ಬೇಡಿ. ನಮ್ಮ ವರಾಂಡಕ್ಕೆ ಬನ್ನಿ" ಎಂದೆ ಒಂದು ದಿನ.

"ಯಾಕ್ರಿ ಅಕ್ಕಾರ? ಇಲ್ಲಿ ತಂಪದ."

ಏನೆಂದು ಹೇಳಲಿ? ನೀವು ಬಾಡಿಗೆ ಕೊಟ್ಟು ಇರುವ ಮನೆಯ ಮೇಲೆ ನಮ್ಮ ಮರ ಬೀಳಬಹುದು ಎನ್ನಲೇ? "ಇರುವೆ ಜಾಸ್ತಿ" ಎಂದು ಏನೋ ಹೇಳಿ ಬಂದೆ.

ಮರ ತೆಗೆಸಲೇಬೇಕು ಎಂಬುದರ ಬಗ್ಗೆ ನಮ್ಮಿಬ್ಬರಲ್ಲಿ ಭಿನ್ನಾಭಿಪ್ರಾಯ ಇರಲಿಲ್ಲ. ಸಿಲ್ವರ್ ಮರಕ್ಕೆ ಅನುಮತಿಯ ತೊಡಕಿಲ್ಲವೆಂದು ನನ್ನ ಗಂಡ ವಿಚಾರಿಸಿಕೊಂಡೂ ಬಂದಿದ್ದರು. ಯಾರು ತೆಗೆಯುವುದು ಎಂಬಲ್ಲಿ ಮಾತು ನಿಂತಿತು. ನನ್ನ ಒತ್ತಾಯಕ್ಕೆ ಹಲಸೂರಿನಿಂದ ಮರ ಕಡಿಯುವ ಕಾಂಟ್ರಾಕ್ಟರ್ ಒಬ್ಬನನ್ನು ಕರೆಸಿದರು. ಮನೆಮಾತು ತಮಿಳು, ನಡುವಯಸ್ಸು, ಸ್ಕೂಟರಿನಲ್ಲಿ ಬಂದ. ಬಂದಾಗಿನಿಂದ ಹೋಗುವವರೆಗೆ ಫೋನು ಕಿವಿಯಿಂದ ಇಳಿಯಲೇ ಇಲ್ಲ. ಒಂದು ಕೈಯಲ್ಲಿ ಫೋನು ಹಿಡಿದೇ ಮರವನ್ನು ಸುತ್ತಿದ. ಬುಡವನ್ನು ಕಾಲಿನಿಂದ ಒತ್ತಿದ. ತಾರಸಿ ಹತ್ತಿ ಇಳಿದು ಬಂದ.

"ಸಾರ್, ಇದು ಹಗ್ಗ ಕಟ್ಟಿ ಎಳೆಯೋ ಮರ ಅಲ್ಲ. ಕ್ರೇನ್ ಬೇಕೇ ಬೇಕು" ಎಂದ.

"ಯಾವತ್ತು ಮಾಡ್ತೀರಿ?" ಎಂದು ಕೇಳಿದೆ.

"ಈಗ ಸೀಸನ್ ಅಮ್ಮಾ. ಎಲ್ಲಾ ಕಡೆ ಬೀಳ್ತಾ ಇದೆ. ಮುಂದಿನ್ ವಾರ ಇಲ್ಲಾಂದ್ರೆ ಅದರ್ ಮುಂದಿನ್ ವಾರ. ಅಲ್ಲೀವರ್ಗೂ ಹಿಂದ್ಗಡೆ ಮನೆಯವ್ರನ್ನ ಬೇರೆ ಕಡೆ ಮಲಗ್ಸಿ."

ಆ ಕೊನೆಯ ಮಾತು ಕೇಳಿ ನಾನು ಶೀಟಿನ ಮನೆಯ ಬಾಗಿಲ ಕಡೆ ನೋಡಿದೆ. ನನ್ನ ಗಂಡ ಮಾತ್ರ ಅವನು ಗೇಟು ದಾಟುವುದನ್ನೇ ಕಾದು, "ಹೆದ್ರಿಸ್ತಾನೆ ಅಷ್ಟೇ. ಅದು ಅವ್ನ ಬಿಸಿನೆಸ್ಸು" ಎಂದರು.

ರಾತ್ರಿ ಊಟಕ್ಕೆ ಕೂತಾಗ ಅವರು ತೀರ್ಮಾನ ಮಾಡಿಯೇಬಿಟ್ಟಿದ್ದರು.

"ನಾನೇ ಕೊಯ್ತೀನಿ. ಹೊಲದ ಬದುವಿನ ಮೇಲೆ ನಾನೂ ನಮ್ಮಪ್ಪನೂ ಎಷ್ಟು ನೀಲಗಿರಿ ಕಡ್ದಿಲ್ಲ?"

"ಅದು ಹೊಲ ರೀ. ಎತ್ಲಾಗ್ ಬಿದ್ರೂ ಮಣ್ಣಿನ್ ಮೇಲೇ ಬೀಳ್ತಿತ್ತು. ಇಲ್ಲಿ ಒಂದ್ಕಡೆ ನಮ್ಮನೆ, ಒಂದ್ಕಡೆ ಜನ ಇದಾರೆ."

"ಮೂಡ್ಲ ಕಡೆ ಖಾಲಿ ಇದ್ಯಲ್ಲ. ಹಗ್ಗ ಕಟ್ಟಿ ಅತ್ಲಾಗ್ ಎಳೆದ್ರೆ ಆಯ್ತು. ಮಷಿನ್ ಇಟ್ಕೊಂಡೇ ಜೀವನ ಮಾಡ್ದೋನು ನಾನು."

ಅದು ನಿಜ. ಅವರು ಕಾರ್ಖಾನೆಯಲ್ಲಿ ಲೇತ್ ಮಷಿನ್ ಮೇಲೆ ದುಡಿದು ನಿವೃತ್ತರಾದವರು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಯಾವ ನಲ್ಲಿ ಸೋರಿದರೂ, ಯಾವ ಬಾಗಿಲು ಕಿರುಗುಟ್ಟಿದರೂ ಅವರ ಮುಖ ಅರಳುತ್ತಿತ್ತು.

"ಅವ್ನು ಬರೋವರ್ಗೂ ಕಾಯೋಣ" ಎಂದೆ.

"ಕಾಯೋದಾ? ನಿದ್ದೆ ಇಲ್ದೆ ಕಿಟಕೀಲಿ ನಿಂತ್ಕೊಂಡು ನೋಡ್ತೀಯಲ್ಲ ದಿನಾ, ನಂಗ್ ಗೊತ್ತಿಲ್ವಾ? ಎರಡು ವಾರ ಹಿಂಗೇ ನಿಂತಿರ್ತೀಯಾ? ಅಷ್ಟ್ರೊಳಗೆ ಗಾಳಿ ಬಂದ್ರೆ?"

ಕಾಯುವುದಕ್ಕೂ ನನಗೆ ಭಯ, ಇವರು ಕೈ ಹಾಕುವುದಕ್ಕೂ ಭಯ. ಯಾವ ಭಯ ದೊಡ್ಡದು ಎಂದು ತೂಗಿ ಹೇಳಲಾರದೆ ಸುಮ್ಮನಾದೆ. ಸುಮ್ಮನಾದದ್ದನ್ನು ಅವರು ಒಪ್ಪಿಗೆ ಎಂದುಕೊಂಡರು.

ಭಾನುವಾರ ಬೆಳಿಗ್ಗೆ ಹೊಸಕೋಟೆ ಕಡೆ ತೋಟ ಇರುವ ಸ್ನೇಹಿತನೊಬ್ಬನಿಂದ ಮರ ಕೊಯ್ಯುವ ಮಷಿನ್ ತಂದರು. ಹೊಸ ನೈಲಾನ್ ಹಗ್ಗ ಮೊದಲೇ ತಂದಿಟ್ಟಿದ್ದರು. ಶೀಟಿನ ಮನೆಯ ಗಂಡಸು ರಜೆಯ ದಿನವೆಂದು ಲುಂಗಿ ಉಟ್ಟು ಹಲ್ಲುಜ್ಜುತ್ತಾ ನಿಂತಿದ್ದ. "ಸ್ವಲ್ಪ ಹಗ್ಗ ಹಿಡ್ಕೊಳಪ್ಪ" ಎಂದರು ನನ್ನ ಗಂಡ. ಅವನು ಮರವನ್ನು ನೋಡಿದ, ತನ್ನ ಮನೆಯನ್ನು ನೋಡಿದ. "ಆಯ್ತ್ರಿ ಸರ್" ಎಂದ. ಮನೆ ಮಾಲೀಕರು ಕೇಳಿದರೆ ಇನ್ನೇನು ಹೇಳುತ್ತಾನೆ?

ಅವನ ಹೆಂಡತಿ ಕೆಲಸಕ್ಕೆ ಹೋಗಿದ್ದಳು. ನಾನು ಅಜ್ಜಿಯನ್ನೂ ಮಗುವನ್ನೂ ಕರೆತಂದು ನಮ್ಮ ವರಾಂಡದಲ್ಲಿ ಕೂರಿಸಿದೆ. ಬಿಸ್ಕತ್ತು ಕೊಟ್ಟೆ. "ಮರ ಬೀಳೋವರ್ಗೂ ಇಲ್ಲೇ ಇರಿ ಅಜ್ಜಿ, ಎಲ್ಲೂ ಹೋಗ್ಬೇಡಿ" ಎಂದು ಹೇಳಿದೆ. ಆಕೆ ತಲೆಯಾಡಿಸಿದರು.

ನನ್ನ ಗಂಡ ಏಣಿ ಹತ್ತಿ, ಏಣಿಯ ತುದಿಯಿಂದ ಕೊಂಬೆ ಹಿಡಿದು ಇನ್ನೂ ಸ್ವಲ್ಪ ಮೇಲಕ್ಕೆ ಹೋಗಿ ಹಗ್ಗ ಕಟ್ಟಿದರು. ಅವರ ಅಂಗಾಲು ನಡುಗುತ್ತಿದ್ದುದು ಕೆಳಗಿನಿಂದಲೇ ನನಗೆ ಕಾಣುತ್ತಿತ್ತು. ಅವರು ನೆಲಕ್ಕಿಳಿಯುವವರೆಗೆ ನಾನು ಏಣಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ಹಗ್ಗದ ಇನ್ನೊಂದು ತುದಿಯನ್ನು ಮೂಡಲ ಬದಿಗೆ, ಹಿಂದೆ ಎತ್ತು ಕಟ್ಟುತ್ತಿದ್ದ ಕಲ್ಲುಕಂಬದವರೆಗೆ ಎಳೆದುಕೊಂಡು ಹೋದೆವು. ನಾನೂ ಆ ಗಂಡಸೂ ಅಲ್ಲಿ ಹಗ್ಗ ಹಿಡಿದು ನಿಂತೆವು. ನನ್ನ ಗಂಡ ಮೂಡಲ ಬದಿಯಲ್ಲಿ ಬುಡಕ್ಕೆ ಒಂದು ಕಚ್ಚು ಹಾಕಿದರು. ಕತ್ತರಿಸಿದ ಕಲ್ಲಂಗಡಿಯ ಹೋಳಿನಂತೆ ಮರದ ತುಂಡೊಂದು ಈಚೆ ಬಂತು. ಅವರು ಅದನ್ನು ಎತ್ತಿ ನಮಗೆ ತೋರಿಸಿದರು, ಗೆದ್ದವರ ಹಾಗೆ.

ಆಮೇಲೆ ಅವರು ಮರದ ಆ ಬದಿಗೆ ಹೋದರು. ಅಂದರೆ ವಾಲಿದ ಬದಿಗೆ. ಮರಕ್ಕೂ ಶೀಟಿನ ಮನೆಗೂ ನಡುವೆ ಮಂಡಿಯೂರಿ ಕೂತು ಹಿಂದಿನಿಂದ ಕೊಯ್ಯತೊಡಗಿದರು. ಮಷಿನ್ನಿನ ಸದ್ದಿಗೆ ನನ್ನ ಹಲ್ಲು ಜುಮ್ಮೆನ್ನುತ್ತಿತ್ತು. ಹೊಟ್ಟು ಹಾರಿ ಅವರ ತಲೆಗೂದಲೆಲ್ಲ ಬಿಳಿಯಾಯಿತು. "ಎಳೀರಿ!" ಎಂದು ಕೂಗಿದರು. ಎಳೆದೆವು. ಮರದ ತುದಿ ನಮ್ಮ ಕಡೆಗೆ ಒಂದಿಷ್ಟು ಬಂತು, ಮತ್ತೆ ಹಿಂದಕ್ಕೆ ಹೋಯಿತು. ಹಾಗೆ ಹಿಂದಕ್ಕೆ ಹೋದದ್ದೇ ಮಷಿನ್ನಿನ ಸದ್ದು ಕಟ್ಟಾಯಿತು.

ಆ ಮೌನ ಈಗಲೂ ನನ್ನ ಕಿವಿಯಲ್ಲಿದೆ. ಮರದ ಇಡೀ ಭಾರ ಕೊಯ್ದ ಸಂದಿನ ಮೇಲೆ ಕೂತುಬಿಟ್ಟಿತ್ತು. ಮಷಿನ್ನಿನ ಅಲಗು ಅದರ ಬಾಯಿಯಲ್ಲಿ ಕಚ್ಚಿಕೊಂಡಿತ್ತು. ನನ್ನ ಗಂಡ ಅದನ್ನು ಎಳೆದರು. ಬರಲಿಲ್ಲ. ಕಾಲು ಕೊಟ್ಟು ಎಳೆದರು. ಆಗ ಮರದ ಒಳಗಿನಿಂದ ಒಂದು ಸದ್ದು ಬಂತು. ಒಣ ಸೌದೆ ಮುರಿಯುವ ಸದ್ದಲ್ಲ, ಅದಕ್ಕಿಂತ ಉದ್ದ, ಹಳೆಯ ಬಾಗಿಲನ್ನು ಯಾರೋ ನಿಧಾನವಾಗಿ ತೆರೆದ ಹಾಗೆ. ನಮ್ಮ ಕೈಯಲ್ಲಿದ್ದ ಹಗ್ಗ ತಂತಿಯಂತೆ ಬಿಗಿಯಿತು.

"ಅಕ್ಕಾರ, ಬಿಡಬ್ಯಾಡ್ರಿ" ಎಂದ ಪಕ್ಕದಲ್ಲಿದ್ದವನು. "ಬಿಟ್ರ ಮನೀ ಮ್ಯಾಲ ಹೋಗ್ತದ."

ಅವನು ಹಗ್ಗವನ್ನು ಕಲ್ಲುಕಂಬಕ್ಕೆ ಸುತ್ತಿದ. ನಾನು ಸುತ್ತಲು ಸಡಿಲ ಕೊಡುತ್ತಾ, ಕೊಡಲು ಹೆದರುತ್ತಾ ನಿಂತಿದ್ದೆ. ನನ್ನ ಗಂಡ ಇನ್ನೂ ಆ ಬದಿಯಲ್ಲೇ ಮಂಡಿಯೂರಿ ಮಷಿನ್ನಿನ ಹಿಡಿಯನ್ನು ಅಲುಗಿಸುತ್ತಿದ್ದರು. ಅದು ಸ್ನೇಹಿತನ ಮಷಿನ್, ಬಿಟ್ಟು ಬರಬಾರದು ಎನ್ನುವುದಷ್ಟೇ ಆಗ ಅವರ ತಲೆಯಲ್ಲಿದ್ದಂತಿತ್ತು.

"ಬನ್ರೀ ಈಚೆ" ಎಂದೆ. ಅವರು ನೋಡಲಿಲ್ಲ. "ರೀ, ಬನ್ರೀ!" ಅವರು ಇನ್ನೊಮ್ಮೆ ಅಲುಗಿಸಿದರು. ಮರ ಮತ್ತೆ ಆ ಸದ್ದು ಮಾಡಿತು.

"ಬಿಡೋ ಅದನ್ನ! ಎದ್ದು ಬಾರೋ ಈಚೆಗೆ!"

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಮದುವೆಯಾದಾಗಿನಿಂದ ಅವರನ್ನು ನಾನು ಏಕವಚನದಲ್ಲಿ ಕರೆದವಳಲ್ಲ. ಅವರು ತಟ್ಟನೆ ತಲೆಯೆತ್ತಿದರು. ಕೈಯೂರಿ ಎದ್ದು, ಮರವನ್ನು ಬಳಸಿ, ಕುಡಿದವರ ಹಾಗೆ ತೂರಾಡುತ್ತಾ ನಮ್ಮ ಕಡೆಗೆ ಬಂದರು.

ಅವರು ಬಂದು ಹಗ್ಗಕ್ಕೆ ಕೈ ಹಾಕಿದ ಮೇಲೆ, ಒಂದು ಗಳಿಗೆ ಎಲ್ಲ ಸುಮ್ಮನಾದ ಮೇಲೆ ನನಗೆ ಮಗುವಿನ ಅಳು ಕೇಳಿಸಿತು. ವರಾಂಡದ ಕಡೆಯಿಂದ ಅಲ್ಲ. ಶೀಟಿನ ಮನೆಯೊಳಗಿನಿಂದ.

ಆಮೇಲೆ ಗೊತ್ತಾಯಿತು. ಮಗು ಬಿಸ್ಕತ್ತನ್ನೆಲ್ಲ ಮೈಗೆ ಮೆತ್ತಿಕೊಂಡಿತೆಂದು ಅಜ್ಜಿ ಅದನ್ನೆತ್ತಿಕೊಂಡು ನಮ್ಮ ಮನೆಯ ಆಚೆ ಬದಿಯಿಂದ ಸುತ್ತಿ ಹೋಗಿ ಶೀಟಿನ ಮನೆಯೊಳಗೆ ಸೇರಿದ್ದರು. ಮಷಿನ್ನಿನ ಸದ್ದಿನಲ್ಲಿ ನಮಗೆ ತಿಳಿಯಲಿಲ್ಲ, ನೀರಿನ ಸದ್ದಿನಲ್ಲಿ ಆಕೆಗೂ ನಾವು ಕೂಗಿದ್ದು ಕೇಳಿಸಿರಲಿಲ್ಲ.

ಆ ಗಂಡಸು ಹಗ್ಗ ಬಿಟ್ಟು ಓಡಲು ಒಂದು ಹೆಜ್ಜೆ ಇಟ್ಟ. ಹಗ್ಗ ಕಂಬದ ಮೇಲೆ ಜಾರಿತು. ಅವನು ಮತ್ತೆ ಅದರ ಮೇಲೆ ಬಿದ್ದು ಹಿಡಿದುಕೊಂಡ. ನನ್ನನ್ನು ನೋಡಿದ. ಅವನ ಕಣ್ಣುಗಳನ್ನು ಹೇಗೆ ಬರೆಯಬೇಕೋ ನನಗೆ ಗೊತ್ತಿಲ್ಲ.

ನಾನು ಓಡಿದೆ. ಧೈರ್ಯದಿಂದ ಅಲ್ಲ. ಕಾಲು ತಾನಾಗಿ ಹೋಯಿತು. ಮರದ ಬುಡದಿಂದ ಆದಷ್ಟು ದೂರ, ಗೋಡೆಗೆ ಭುಜ ಉಜ್ಜುತ್ತಾ ಹೋಗಿ ಬಾಗಿಲು ತಳ್ಳಿದೆ. ಒಳಗೆ ಅಜ್ಜಿ ಕಾಲು ನೀಡಿ ಬಚ್ಚಲಿನ ಮೂಲೆಯಲ್ಲಿ ಕೂತಿದ್ದರು. ಕಾಲಿನ ಮೇಲೆ ಮಗು. ಮಗುವಿನ ಮೈ ತುಂಬ ಸೋಪಿನ ನೊರೆ.

"ಅಜ್ಜಿ, ಏಳಿ, ಏಳಿ!"

"ತಡೀರಿ ಅಕ್ಕಾರ. ಸಾಬಾಣ ಹಚ್ಚೀನಿ. ಎರಡ್ ತಂಬಿಗಿ ನೀರ್ ಹಾಕಿ ಬರ್ತೀನಿ."

ನಾನು ಮಗುವನ್ನು ಕಿತ್ತುಕೊಂಡೆ. ಅದು ಮೀನಿನ ಹಾಗೆ ಜಾರಿತು. ಸೆರಗಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡೆ. ಇನ್ನೊಂದು ಕೈಯನ್ನು ಅಜ್ಜಿಗೆ ಕೊಟ್ಟೆ. ಆಕೆ ಏಳಲು ನೋಡಿದರು, ಆಗಲಿಲ್ಲ. "ಮಣಕಾಲ್ರಿ" ಎಂದರು. ಮಗುವನ್ನು ಹೊರಗೆ ಬಿಟ್ಟು ಬಂದು ಆಕೆಯನ್ನು ಎತ್ತಲೇ, ಇಲ್ಲ ಇಬ್ಬರನ್ನೂ ಒಟ್ಟಿಗೆ ಎಳೆಯಲೇ ಎಂದು ನಾನು ಅಲ್ಲಿ ನಿಂತು ಯೋಚಿಸಿದೆ. ತಲೆಯ ಮೇಲೆ ಶೀಟು, ಶೀಟಿನ ಮೇಲೆ ಮರ. ಎಲೆ ಅಲುಗುವ ಸದ್ದೂ ಕೇಳುತ್ತಿತ್ತು. ಕೊನೆಗೆ ಆಕೆಯ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದೆ. ಆಕೆ ನನ್ನ ಭುಜಕ್ಕೆ ಜೋತುಬಿದ್ದು, ಒಂದೊಂದೇ ಹೆಜ್ಜೆ ಇಡುತ್ತಾ, ಹೊಸ್ತಿಲಲ್ಲಿ ನಿಂತು ಚಪ್ಪಲಿ ಹುಡುಕಿದರು. ಚಪ್ಪಲಿ! ನಾನು ಆಕೆಯನ್ನು ಎಳೆದುಕೊಂಡೇ ಬಂದೆ.

ವರಾಂಡ ಮುಟ್ಟಿ ಅಲ್ಲೇ ನೆಲದ ಮೇಲೆ ಕೂತೆ. ಮಗು ಅಳು ನಿಲ್ಲಿಸಿ ನನ್ನ ಕರಿಮಣಿ ಸರ ಹಿಡಿದು ಆಡುತ್ತಿತ್ತು. ಆಮೇಲೆ ಅಜ್ಜಿ, "ಅಕ್ಕಾರ, ಒಲಿ ಮ್ಯಾಲ ಬ್ಯಾಳಿ ಅದ" ಎಂದರು. ಗ್ಯಾಸ್ ಉರಿಯುತ್ತಿತ್ತು. ಮತ್ತೆ ಹೋಗಲು ನನ್ನಿಂದ ಆಗಲಿಲ್ಲ. ನನ್ನ ಗಂಡ ಹೋದರು. ನಾನು ಬೇಡವೆನ್ನುವ ಮೊದಲೇ ಹೋಗಿ ಆರಿಸಿ ಬಂದರು. ಬಂದವರು ನೇರ ಹಗ್ಗದ ಕಡೆಗೆ ಹೋದರು.

ಹಲಸೂರಿನವನಿಗೆ ಫೋನ್ ಮಾಡಿದವಳು ನಾನೇ. ಇಂದಿರಾನಗರದಲ್ಲಿ ಯಾವುದೋ ಕೆಲಸದಲ್ಲಿದ್ದ.

"ಯಾರಮ್ಮಾ ಕೈ ಹಾಕಿದ್ದು?"

"ನಮ್ಮೆಜಮಾನ್ರು."

"ಅರ್ಧ ಕೊಯ್ದಿರೋ ಮರಕ್ಕೆ ನಾನ್ ಬರಲ್ಲಮ್ಮಾ. ನಮ್ ಹುಡುಗ್ರಿಗೂ ಹೆಂಡ್ರು ಮಕ್ಳು ಇದಾರೆ."

"ಇಲ್ಲೂ ಒಂದು ಮಗು ಇದೆಯಪ್ಪ" ಎಂದೆ. ಅಷ್ಟು ಹೇಳಿ ನನಗೆ ಅಳು ಬಂತು.

"ಹಗ್ಗ ಬಿಚ್ಬೇಡಿ. ಹತ್ರ ಯಾರೂ ಹೋಗ್ಬೇಡಿ. ಕ್ರೇನ್ ಸಿಗತ್ತಾ ನೋಡ್ತೀನಿ."

ಕಾದೆವು. ಕ್ರೇನು ಸಿಕ್ಕಿದೆ ಎಂದು ಫೋನು ಬಂತು. ಆಮೇಲೆ ಟಿನ್ ಫ್ಯಾಕ್ಟರಿ ಸ್ಟಾಪಿನ ಹತ್ತಿರ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದೆ ಎಂದು ಬಂತು. ಬಿಸಿಲು ಹೋಗಿ ಹೊಸಕೋಟೆ ಕಡೆ ಮೋಡ ಕಟ್ಟಿತು. ನಮ್ಮಲ್ಲಿ ಬೇಸಿಗೆಯ ಮಳೆ ಬರುವುದು ಆ ಕಡೆಯಿಂದಲೇ, ಮುಂಚೆ ಗಾಳಿ, ಆಮೇಲೆ ನೀರು. ಗಾಳಿ ಮೂಡಲಿನಿಂದ ಬಂದರೆ ಮರ ಹೋಗುವುದು ಪಡುವಣಕ್ಕೆ. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಎಲ್ಲರೂ ಮೋಡವನ್ನೇ ನೋಡುತ್ತಿದ್ದೆವು. ಹಗ್ಗವನ್ನು ಕಂಬಕ್ಕೆ ಮತ್ತೆ ಮತ್ತೆ ಸುತ್ತಿ ಗಂಟು ಹಾಕಿಯಾಗಿತ್ತು. ಆದರೂ ಆ ಗಂಡಸು ಅದನ್ನು ಕೈಯಿಂದ ಬಿಡಲಿಲ್ಲ. "ಬಿಡಪ್ಪ, ಕಟ್ಟಿದೀವಲ್ಲ" ಎಂದು ನನ್ನ ಗಂಡ ಎರಡು ಸಲ ಹೇಳಿದರು. ಅವನಿಗೆ ಕೇಳಿಸಿದ ಹಾಗೇ ಕಾಣಲಿಲ್ಲ.

ಅಷ್ಟರಲ್ಲಿ ಅವನ ಹೆಂಡತಿ ಕೆಲಸ ಮುಗಿಸಿ ಬಂದಳು. ಗೇಟಿನಲ್ಲಿ ನಿಂತು ಎಲ್ಲವನ್ನೂ ನೋಡಿದಳು. ಮರ, ಅದರ ಬುಡದಲ್ಲಿ ನೇತಾಡುತ್ತಿದ್ದ ಮಷಿನ್, ಹಗ್ಗ ಹಿಡಿದು ನಿಂತ ಗಂಡ. ಬಂದು ನನ್ನ ತೊಡೆಯ ಮೇಲಿದ್ದ ಮಗುವನ್ನು ಎತ್ತಿಕೊಂಡಳು. ಅದರ ಮೈಮೇಲೆ ಒಣಗಿ ಬೆಳ್ಳಗಾಗಿದ್ದ ಸೋಪನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಅವಳು ಒಂದು ಮಾತು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಮೊದಲ ಗಾಳಿ ಬಂದಾಗ ಕ್ರೇನು ಪಕ್ಕದ ಖಾಲಿ ಸೈಟಿನೊಳಕ್ಕೆ ತಿರುಗುತ್ತಿತ್ತು. ಮರ ಅಲುಗಾಡಿತು. ಹಗ್ಗ ಗುಂಯ್ ಎಂದಿತು. ಹಲಸೂರಿನವನು ಓಡಿ ಬಂದ. ನನ್ನ ಗಂಡನನ್ನು ನೋಡಿ ಏನಾದರೂ ಅನ್ನುತ್ತಾನೆ ಎಂದುಕೊಂಡೆ. ಅವನಿಗೆ ಅದಕ್ಕೆಲ್ಲ ಸಮಯವಿರಲಿಲ್ಲ. ಅವನ ಜೊತೆ ಬಂದ ಮರ ಹತ್ತುವ ಆಳು ಅದನ್ನು ಒಮ್ಮೆ ನೋಡಿ, "ಅಣ್ಣಾ, ಇದ್ರ ಮೇಲೆ ನಾನ್ ಹೋಗಲ್ಲ" ಎಂದು ಹಿಂದೆ ಸರಿದ. ಅವರಿಬ್ಬರೂ ತಮಿಳಿನಲ್ಲಿ ಜಗಳವಾಡಿದರು. ಜಗಳವಾಡುತ್ತಲೇ ನಮ್ಮ ತಾರಸಿಗೆ ಹತ್ತಿದರು. ಅಲ್ಲಿಂದ ಉದ್ದನೆಯ ಬಿದಿರ ಗಳುವಿನ ತುದಿಗೆ ಕ್ರೇನಿನ ಬೆಲ್ಟು ಸಿಕ್ಕಿಸಿ, ಮರಕ್ಕೆ ಸುತ್ತು ಹಾಕಲು ನೋಡಿದರು. ಒಂದು ಸಲ ತಪ್ಪಿತು. ಇನ್ನೊಂದು ಸಲವೂ ತಪ್ಪಿತು. ಹನಿ ಬೀಳತೊಡಗಿತು. ಹಲಸೂರಿನವನು ಯಾರನ್ನೋ ಕೆಟ್ಟದಾಗಿ ಬೈಯುತ್ತಿದ್ದ. ಮರವನ್ನೇ ಇರಬೇಕು. ಕೊನೆಗೆ ಬೆಲ್ಟು ಕೂತಿತು. ಕ್ರೇನು ಬಿಗಿಯಾಗಿ ಎಳೆಯಿತು. ಮರದ ಭಾರ ಮೇಲಕ್ಕೆ ಹೋದದ್ದು ಬುಡದ ಸಂದು ಬಾಯಿ ತೆರೆದಾಗ ನಮಗೆ ಕಾಣಿಸಿತು. ಮಷಿನ್ ತಾನಾಗಿ ಕೆಳಗೆ ಬಿತ್ತು.

"ಹಗ್ಗ ಬಿಡಿ!" ಎಂದು ಅವನು ತಾರಸಿಯಿಂದ ಕೂಗಿದ.

ಆ ಗಂಡಸಿನ ಬೆರಳುಗಳು ತೆರೆಯಲಿಲ್ಲ. ಸೆಟೆದುಕೊಂಡುಬಿಟ್ಟಿದ್ದವು. ಅವನ ಹೆಂಡತಿ ಮಗುವನ್ನು ತಾಯಿಗೆ ಕೊಟ್ಟು ಮಳೆಯಲ್ಲಿ ಹೋಗಿ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

ಬುಡದಲ್ಲಿ ಉಳಿದಿದ್ದ ಸ್ವಲ್ಪವನ್ನು ಹಲಸೂರಿನವನೇ ಕೊಯ್ದ. ಮರ ನೆಲ ಬಿಟ್ಟು ಮೇಲೆದ್ದಿತು. ಅಷ್ಟು ದೊಡ್ಡ ಮರ ಗಾಳಿಯಲ್ಲಿ ನೇತಾಡುವುದನ್ನು ಅದಕ್ಕೆ ಮುಂಚೆ ನಾನು ನೋಡಿರಲಿಲ್ಲ. ಅದು ನಿಧಾನವಾಗಿ ತಿರುಗಿತು. ಸರಿ, ಮುಗಿಯಿತು ಎಂದು ನಾನು ಕಣ್ಣು ಮುಚ್ಚಿದೆ. ಆಗ ಪಟಾರ್ ಎಂದು ಸದ್ದು. ಬೆಲ್ಟಿನಿಂದ ಮೇಲಕ್ಕಿದ್ದ ಮರದ ತುದಿ ಮುರಿದು ನೇರ ಶೀಟಿನ ಮನೆಯ ಮೇಲೆ ಬಿತ್ತು. ಶೀಟು ಒಡೆದು ಒಳಗಿನಿಂದ ಪಾತ್ರೆಗಳ ಸದ್ದು ಬಂತು, ಬಹಳ ಹೊತ್ತು ಬಂತು, ಯಾವುದೋ ಒಂದು ತಟ್ಟೆ ಕೊನೆಯವರೆಗೂ ಗಿರಗಿರನೆ ತಿರುಗುತ್ತಿತ್ತು.

ಯಾರಿಗೂ ಏನೂ ಆಗಲಿಲ್ಲ. ಒಳಗೆ ಯಾರೂ ಇರಲಿಲ್ಲ. ನನಗೆ ಅದು ಗೊತ್ತಿತ್ತು, ಎಲ್ಲರೂ ನನ್ನ ಕಣ್ಣೆದುರೇ ಇದ್ದರು. ಆದರೂ ನಾನು ಒಬ್ಬೊಬ್ಬರನ್ನೂ ಮುಟ್ಟಿ ನೋಡಿದೆ.

ಹಲಸೂರಿನವನು ನಮ್ಮ ಮೆಟ್ಟಿಲ ಮೇಲೆ ಕೂತು ನೀರು ಕೇಳಿದ. ಲೋಟ ಅವನ ಕೈಯಲ್ಲಿ ನಿಲ್ಲಲಿಲ್ಲ, ಅರ್ಧ ನೀರು ಅಂಗಿಯ ಮೇಲೆ ಚೆಲ್ಲಿತು. "ಮೇಲೆ ಟೊಳ್ಳಿತ್ತಮ್ಮಾ. ನಂಗೂ ಗೊತ್ತಾಗ್ಲಿಲ್ಲ" ಎಂದ. ಈ ಕೆಲಸ ಬಲ್ಲವನೇ ಹೀಗೆ ನಡುಗುವುದನ್ನು ನೋಡಿ ನನಗೆ ಸಮಾಧಾನವಾಗಬೇಕೋ ಇನ್ನಷ್ಟು ಹೆದರಬೇಕೋ ತಿಳಿಯಲಿಲ್ಲ. ಮೊದಲೇ ಅವನನ್ನು ಕಾದಿದ್ದರೂ ಆ ತುದಿ ಮುರಿಯುತ್ತಿತ್ತೇನೋ. ಅಥವಾ ಅವನ ಪಾಡಿಗೆ ಅವನು ಸಾವಕಾಶವಾಗಿ, ಬಿಸಿಲಲ್ಲಿ, ಗಾಳಿಯಿಲ್ಲದ ದಿನ ಮಾಡಿದ್ದರೆ ಹಾಗಾಗುತ್ತಿರಲಿಲ್ಲವೇನೋ. ಈ ಲೆಕ್ಕವನ್ನು ನಾನು ಬಹಳ ದಿನ ಹಾಕಿದೆ.

ಶೀಟು ಹೊಸದಾಗಿ ಹಾಕಿಸುವವರೆಗೆ ಅವರೆಲ್ಲ ನಮ್ಮ ಹಾಲ್‌ನಲ್ಲೇ ಇದ್ದರು. ಪಾತ್ರೆಪಗಡಿ ತಂದುಕೊಟ್ಟೆವು. ಮರುದಿನ ಬೆಳಿಗ್ಗೆ ನನ್ನ ಗಂಡ ಆ ಗಂಡಸಿನ ಎದುರು ಕೂತು, "ತಪ್ಪಾಯ್ತಪ್ಪ. ನಿನ್ನನ್ನ ಅದ್ರಲ್ಲಿ ಎಳೀಬಾರ್ದಿತ್ತು" ಎಂದರು. ಅವನು ಗಾಬರಿಯಾಗಿ ಎದ್ದು ನಿಂತ.

"ಇಲ್ರಿ ಸರ್, ನಾನೇ ಸರಿ ಜಗ್ಗಲಿಲ್ರಿ. ಇನ್ನಷ್ಟ್ ಜಗ್ಗಿದ್ರ ಈ ಕಡಿ ಬರ್ತಿತ್ತು" ಎಂದ. ಅವನ ಅಂಗೈಗಳಲ್ಲಿ ಹಗ್ಗದ ಬರೆ ಕೆಂಪಗೆ ಎದ್ದಿತ್ತು. ಇಡೀ ದಿನ ಅವನು ಹೆದರಿದ್ದು ತಪ್ಪು ತನ್ನ ತಲೆಗೆ ಬರುತ್ತದೆಂದೂ ಹೌದು ಎಂದು ನನಗೆ ಆಗ ಹೊಳೆಯಿತು. ನನ್ನ ಗಂಡ ಎಷ್ಟು ಹೇಳಿದರೂ ಅವನು ಒಪ್ಪಲಿಲ್ಲ, "ಇಲ್ರಿ, ಇಲ್ರಿ" ಎನ್ನುತ್ತಲೇ ಇದ್ದ.

ಮುಂದಿನ ತಿಂಗಳು ಅವರು ಮನೆ ಖಾಲಿ ಮಾಡಿದರು. ಜೀವನ್ ಬಿಮಾ ನಗರದ ಹತ್ತಿರ ರೂಮು ಸಿಕ್ಕಿದೆ, ಕೆಲಸದ ಮನೆಗಳಿಗೆ ಹತ್ತಿರವಾಗುತ್ತದೆ ಎಂದಳು ಹೆಂಡತಿ. ನಾನು ತಡೆಯಲಿಲ್ಲ. ಸಾಮಾನು ಆಟೋಗೆ ತುಂಬಿದ ಮೇಲೆ ಅವಳು ನನ್ನ ಕೈ ಹಿಡಿದು, ತಗ್ಗಿದ ದನಿಯಲ್ಲಿ, "ನಮ್ಮವ್ವ ನಿದ್ದಿ ಮಾಡವಲ್ಲಳ್ರಿ ಅಕ್ಕಾರ. ಗಾಳಿ ಬಂದ್ರ ಎದ್ದ್ ಕುಂದರ್ತಾಳ" ಎಂದಳು. ಅಜ್ಜಿ ಆಗಲೇ ಆಟೋದಲ್ಲಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನನ್ನ ಗಂಡ ಹತ್ತಿರ ಹೋದಾಗ ಅವರ ಕೈ ಮುಟ್ಟಿ, "ಇನ್ನ್ ಮುಂದ ಗಿಡ ಹತ್ತಬ್ಯಾಡ್ರಿ ಯಪ್ಪಾ. ವಯಸ್ಸಾಗೇದ ನಿಮಗ" ಎಂದರು. ನನ್ನ ಗಂಡ ಹೂಂ ಎಂದು ತಲೆಯಾಡಿಸಿದರು.

ಆಟೋ ಹೋದ ಮೇಲೆ ನಾವಿಬ್ಬರೂ ವರಾಂಡದಲ್ಲಿ ಕೂತೆವು. ಹಿತ್ತಿಲಿನ ತುಂಬ ಬಿಸಿಲಿತ್ತು. ನಾನು ಕೇಳದೆಯೇ ಅವರು ಹೇಳಿದರು.

"ಹಗ್ಗ ಕಟ್ಟೋಕೆ ಮೇಲೆ ಹೋದ್ನಲ್ಲ, ಆಗ್ಲೇ ಗೊತ್ತಾಯ್ತು ನಂಗೆ, ಇದು ನನ್ ಕೈಲಿ ಆಗಲ್ಲ ಅಂತ. ಕಾಲು ನಡುಗ್ತಿತ್ತು."

"ಅವಾಗ್ಲೇ ಇಳಿದು ಬಿಟ್ಬಿಡ್ಬೋದಿತ್ತಲ್ರೀ?"

"ನೀವಿಬ್ರೂ ಕೆಳಗೆ ನಿಂತ್ಕೊಂಡು ನೋಡ್ತಿದ್ರಲ್ಲ."

ಅವರು ಅಂಗೈಯನ್ನು ಮಂಡಿಯ ಮೇಲೆ ಉಜ್ಜಿಕೊಳ್ಳುತ್ತಾ ಕೂತಿದ್ದರು. ಒಲೆಯ ಮೇಲೆ ಹಾಲು ಇಟ್ಟಿದ್ದು ನೆನಪಾಗಿ ನಾನು ಎದ್ದು ಒಳಗೆ ಹೋದೆ.